ಶಾಲು, ಹಾರ ಬಿಟ್ಟು ಜೂನ್‌ನಲ್ಲೇ ಕೊಟ್ಟೆವು

"ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಆಗುತ್ತೆ, ನೋಡ್ತಿರಿ" ಅಂದಿದ್ದರು ನಮ್ಮ ಹಳೆ ವಿದ್ಯಾರ್ಥಿ ಸಂಘದ ಹಿರಿಯರು, ವಿದ್ಯಾರ್ಥಿವೇತನವನ್ನು ವಾರ್ಷಿಕೋತ್ಸವದ ವೇದಿಕೆ ಬಿಟ್ಟು ಜೂನ್‌ನ ಅಡ್ಮಿಷನ್ ದಿನವೇ ಕೊಡೋಣ, ಆದಷ್ಟು ಆಮೇಲೆ ಮರಳಿಸಲಿ ಎಂದಾಗ. ಕೆಲವು ವರ್ಷ ಕಳೆದಿವೆ, ನಿಧಿ ಕರಗಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ದತ್ತಿ ಹಣ ಹನ್ನೆರಡು ಲಕ್ಷದಷ್ಟು, ಎಫ್‌ಡಿಯಲ್ಲಿ. 2014ರ ಸುಮಾರಿಗೆ ಬಡ್ಡಿ ಒಂಬತ್ತರ ಹತ್ತಿರ, ವರ್ಷಕ್ಕೆ ಲಕ್ಷ ಬರುತ್ತಿತ್ತು. 2020ರಲ್ಲಿ ರಿನ್ಯೂ ಮಾಡಿಸಿದಾಗ ಐದೂವರೆಗೂ ಕಡಿಮೆ. ಅರವತ್ತು, ಅರವತ್ತೈದು ಸಾವಿರ. ಬ್ಯಾಂಕು ಬಡ್ಡಿಯಲ್ಲೇ ತೆರಿಗೆ (ಟಿಡಿಎಸ್) ಹಿಡಿದರೆ ರಿಟರ್ನ್ ಹಾಕಿ ಅದು ವಾಪಸ್ ಬರಲು ಕಾಯುವ ಕರ್ಮ ಬೇರೆ. ಇಷ್ಟನ್ನು ಜನವರಿಯ ವಾರ್ಷಿಕೋತ್ಸವದಲ್ಲಿ ಚೆಕ್ ಬರೆದು ಹಂಚುತ್ತಿದ್ದೆವು. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಇನಿಷಿಯಲ್, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಎಷ್ಟೋ ಚೆಕ್ ವಾಪಸ್. ಫೀಸಿಲ್ಲದೆ ಗಾರೆ ಕೆಲಸಕ್ಕೆ ಹೋದ ಹುಡುಗರು ಅಷ್ಟರಲ್ಲಿ ಹೋಗಿಯೇ ಬಿಟ್ಟಿರುತ್ತಿದ್ದರು.

ಈಗ ಅಡ್ಮಿಷನ್ ದಿನವೇ ಕಾಲೇಜಿಗೆ ನೇರ ಕಟ್ಟುತ್ತೇವೆ, ತಲೆಗೆ ನಾಲ್ಕೈದು ಸಾವಿರ. ಚಲನ್ ಪ್ರತಿ ನಮ್ಮ ಫೈಲಿಗೆ. ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯ ಹಣ ವಿದ್ಯಾರ್ಥಿಯ ಖಾತೆಗೆ ಬೀಳುವುದು ಯಾವಾಗಲೋ. ಖಾತೆಗೆ ಆಧಾರ್ ಜೋಡಣೆ (ಸೀಡಿಂಗ್) ತಪ್ಪಿದ್ದರೆ ಇನ್ನೂ ತಡ. ಬಿದ್ದಾಗ ಕೈಲಾದಷ್ಟು ಮರಳಿಸಿ ಅಂತ ಹೇಳಿಬಿಡುತ್ತೇವೆ. ಬಾಂಡಿಲ್ಲ, ಜಾಮೀನಿಲ್ಲ. ಹತ್ತರಲ್ಲಿ ಆರು ಮಂದಿಯಾದರೂ ಏನಾದರೂ ತಂದುಕೊಟ್ಟಿದ್ದಾರೆ. ಸಹಕಾರಿ ಸಂಘಗಳ ವಸೂಲಿ ಕಂಡವರಿಗೆ ಇದರ ಬೆಲೆ ಗೊತ್ತು! ಮರಳಿದ್ದನ್ನು ಆಡಿಟರ್ ಆದಾಯಕ್ಕೇ ಬರೆಯುತ್ತಾರೆ. ತೆರಿಗೆ ವಿನಾಯಿತಿ ಉಳಿಯಲು ಆದಾಯದ ಶೇ. 85 ಖರ್ಚಾಗಬೇಕು, ಮಿಕ್ಕ ಶೇ. 15 ಮೂಲನಿಧಿಗೆ ಸೇರಿಸುತ್ತೇವೆ, ಒಂದು ವರ್ಷವೂ ಬಿಟ್ಟಿಲ್ಲ.

ನಡುವೆ ಹೆಣ್ಣುಮಕ್ಕಳ ಬಸ್ ಪಾಸಿಗೂ ಕೊಟ್ಟು ನೋಡಿದೆವು. ಹಾಜರಾತಿ ಚೆನ್ನಾಗಿ ಏರಿತು. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ ಮಾಡಿದ 'ಶಕ್ತಿ' ಯೋಜನೆ ಬಂದು ಆ ಖರ್ಚೇ ಉಳಿಯಿತು. ಈಗ ಆ ದುಡ್ಡು ಪರೀಕ್ಷಾ ಶುಲ್ಕಕ್ಕೆ. ಲ್ಯಾಪ್‌ಟಾಪ್ ಎರವಲು ಕೊಡುವ ಪ್ರಯೋಗ ಮಾತ್ರ ನೆಲಕಚ್ಚಿತು, ಚಾರ್ಜರುಗಳೇ ವಾಪಸ್ ಬರಲಿಲ್ಲ.

ಆಯ್ಕೆಗೆ ಆದಾಯ ಪ್ರಮಾಣಪತ್ರವೊಂದನ್ನೇ ನಂಬಬೇಡಿ. ನಾನು ಒಂದು ಪ್ರಶ್ನೆ ಕೇಳುತ್ತೇನೆ, ಅದರಲ್ಲೇ ಮನೆ ಪರಿಸ್ಥಿತಿ ತಿಳಿಯುತ್ತದೆ. ಅದನ್ನಿಲ್ಲಿ ಬರೆದರೆ ಮುಂದಿನ ಜೂನ್‌ಗೆ ಎಲ್ಲರೂ ಉತ್ತರ ಬಾಯಿಪಾಠ ಮಾಡಿಕೊಂಡೇ ಬಂದಾರು.

ವೇದಿಕೆಯಿಲ್ಲವೆಂದು ಒಂದಿಬ್ಬರು ದಾನಿಗಳು ಮುನಿಸಿಕೊಂಡು ದೂರ ಸರಿದರು. ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ರಸೀದಿ ತಡವಿಲ್ಲದೆ ಕೈಸೇರುತ್ತೆ ಅಂತ ಬೇರೆಯವರು ಬಂದರು. ಹೊಸಬರ ಹತ್ತಿರ "ಇದು ಮೂಲನಿಧಿಗೆ" ಎಂದು ಸಹಿ ಹಾಕಿದ ಪತ್ರ ಮೊದಲೇ ತಗೊಳ್ಳಿ. ಇಲ್ಲದಿದ್ದರೆ ಆ ದುಡ್ಡೂ ಆ ವರ್ಷದ ಆದಾಯದ ಲೆಕ್ಕಕ್ಕೇ ಹೋಗುತ್ತದೆ.