ಟೇಪು ಪಾಸಾಗುವ ತನಕ: ಸಿಬಿಟಿ ತರಬೇತಿಯ ಒಂದು ವರ್ಷ

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ಮೂಲಕ ಮನಸ್ಸಿನ ತೊಂದರೆಗೆ ಚಿಕಿತ್ಸೆ ಕೊಡುವ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಮಾಡುವವರಾಗಲು ಇರುವ ಮುಖ್ಯ ದಾರಿ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ. ನಾನು ಹಿಡಿದದ್ದೂ ಅದೇ ದಾರಿ. ವಾರಕ್ಕೆ ಎರಡು ದಿನ ವಿಶ್ವವಿದ್ಯಾಲಯದಲ್ಲಿ ಪಾಠ, ಉಳಿದ ಮೂರು ದಿನ ಸರ್ವಿಸಿನಲ್ಲಿ ರೋಗಿಗಳ ಜೊತೆ ಕೆಲಸ. ಎನ್‌ಎಚ್‌ಎಸ್ ಸಂಬಳದ ಶ್ರೇಣಿಯಲ್ಲಿ ತರಬೇತಿಯಲ್ಲಿದ್ದಾಗ ಬ್ಯಾಂಡ್ 6, ಮುಗಿದ ಮೇಲೆ ಒಂದು ಮೆಟ್ಟಿಲು ಮೇಲಿನ ಬ್ಯಾಂಡ್ 7. 2008ರಲ್ಲಿ ಐಎಪಿಟಿ ಎಂದು ಶುರುವಾಗಿ 2023ರಲ್ಲಿ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್ ಎಂದು ಹೆಸರು ಬದಲಾದ ಯೋಜನೆಯಿಂದ ಹುಟ್ಟಿದ ಹುದ್ದೆಗಳಿವು. ಎಂಎಸ್ಸಿಗೆ ಹಾಕಿದ ಹಾಗೆ ನೇರ ಕಾಲೇಜಿಗೆ ಅರ್ಜಿ ಹಾಕಿ ಕೂತರೆ ಕೆಲಸ ಆಗುವುದಿಲ್ಲ. ಮೊದಲು ಟ್ರೈನಿ ಹುದ್ದೆ ಸಿಗಬೇಕು, ಸೀಟು ಅದರ ಜೊತೆಗೇ ಬರುತ್ತದೆ.

ಬಾಗಿಲಲ್ಲೇ ಕೇಳುವ ಪ್ರಶ್ನೆ, ನಿಮ್ಮ ಮೂಲ ವೃತ್ತಿ ಯಾವುದು ಎಂದು. ಮಾನಸಿಕ ಆರೋಗ್ಯ ನರ್ಸಿಂಗ್, ಸೋಶಿಯಲ್ ವರ್ಕ್, ಆಕ್ಯುಪೇಷನಲ್ ಥೆರಪಿ, ಕ್ಲಿನಿಕಲ್ ಸೈಕಾಲಜಿ, ಸೈಕಿಯಾಟ್ರಿ, ಇಂಥದ್ದೊಂದರಲ್ಲಿ ಅಲ್ಲಿನ ನೋಂದಣಿ ಇದ್ದರೆ ಸಲೀಸು. ಇಲ್ಲದವರು ಕೆಎಸ್ಎ ಎಂಬ ಕಡತ ಕಟ್ಟಬೇಕು. ಜ್ಞಾನ, ಕೌಶಲ, ಮನೋಭಾವ ಈ ಮೂರರಲ್ಲೂ ಮೂಲ ವೃತ್ತಿಯವರಿಗೆ ಸಮ ಎಂದು ಒಂದೊಂದು ಅಂಶಕ್ಕೂ ದಾಖಲೆ ಇಟ್ಟು ತೋರಿಸುವ ಕೆಲಸ ಅದು. ಕರ್ನಾಟಕದಿಂದ ಹೋಗುವವರು ಎಡವುವುದು ಇಲ್ಲೇ. ನಮ್ಮಲ್ಲಿ ಸಿಬಿಟಿ ಪ್ರತ್ಯೇಕ ಹುದ್ದೆಯಲ್ಲ. ನಿಮ್ಹಾನ್ಸ್‌ನಂಥ ಕಡೆ ಕ್ಲಿನಿಕಲ್ ಸೈಕಾಲಜಿಯ ಪದವಿಯ ಒಳಗೆ ಅದನ್ನು ಕಲಿಸುತ್ತಾರೆ, ನೋಂದಣಿ ಭಾರತೀಯ ಪುನರ್ವಸತಿ ಪರಿಷತ್ತಾದ ಆರ್‌ಸಿಐನದು. ಅದೇ ಪದವಿ ಹಿಡಿದು ಇಂಗ್ಲೆಂಡಿಗೆ ಹೋದರೆ ಅಲ್ಲಿನ ವೃತ್ತಿ ನೋಂದಣಿ ಸಂಸ್ಥೆ ಎಚ್‌ಸಿಪಿಸಿಯಲ್ಲಿ ನೋಂದಣಿ ಆಗುವ ತನಕ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳುವಂತಿಲ್ಲ. ಕೆಎಸ್ಎ ದಾರಿ ಹಿಡಿಯುವುದಾದರೆ ಊರು ಬಿಡುವ ಮೊದಲೇ ಹಳೆಯ ಸೂಪರ್‌ವೈಸರ್‌ಗಳಿಂದ, ನೀವು ಇಂಥ ಕೆಲಸ ಇಷ್ಟು ಕಾಲ ಮಾಡಿದ್ದೀರಿ ಎಂದು ವಿವರವಾಗಿ ಬರೆಸಿಕೊಳ್ಳಿ. 'ಒಳ್ಳೆಯ ನಡತೆಯವರು, ಶ್ರಮಜೀವಿ' ಎಂಬ ನಮ್ಮ ಮಾಮೂಲಿ ಸರ್ಟಿಫಿಕೇಟು ಅಲ್ಲಿ ಮೂರು ಕಾಸಿಗೂ ಬಾಳುವುದಿಲ್ಲ.

ತರಬೇತಿ ಮುಗಿಸಿದವರಿಗೆ ಸಿಬಿಟಿ ಥೆರಪಿಸ್ಟ್ ಎಂದು ಮಾನ್ಯತೆ ಕೊಡುವ ಸಂಸ್ಥೆ ಬ್ರಿಟನ್ನಿನ ಬಿಎಬಿಸಿಪಿ. ಅದರ ಕನಿಷ್ಠ ಲೆಕ್ಕ ಹೀಗಿದೆ: ಸೂಪರ್‌ವಿಷನ್, ಅಂದರೆ ಅನುಭವಿ ಥೆರಪಿಸ್ಟರ ಮೇಲ್ವಿಚಾರಣೆ, ಅದರ ಅಡಿಯಲ್ಲಿ 200 ಗಂಟೆ ಚಿಕಿತ್ಸೆ, ಪೂರ್ತಿ ಮಾಡಿದ 8 ಕೇಸು, 40 ಗಂಟೆ ಸೂಪರ್‌ವಿಷನ್. ಕೇಳಲು ಎಂಟು ಏನು ಮಹಾ ಅನ್ನಿಸುತ್ತದೆ. ಆದರೆ ಶುರು ಮಾಡಿದವರೆಲ್ಲ ಮುಗಿಸುವುದಿಲ್ಲ. ಒಬ್ಬರು ಮೂರನೇ ವಾರಕ್ಕೆ ಬರುವುದು ಬಿಡುತ್ತಾರೆ, ಇನ್ನೊಬ್ಬರು ಊರು ಬದಲಿಸುತ್ತಾರೆ, ಮತ್ತೊಬ್ಬರ ತೊಂದರೆ ಬೇರೆ ವಿಭಾಗಕ್ಕೆ ಸೇರಿದ್ದು ಎಂದು ಆಮೇಲೆ ಗೊತ್ತಾಗುತ್ತದೆ. ಎಂಟು ಬೇಕಿದ್ದರೆ ಹನ್ನೆರಡು ಹದಿಮೂರು ಕೇಸಾದರೂ ಹಿಡಿಯಬೇಕು ಎಂಬುದು ನನ್ನ ಲೆಕ್ಕ. ಬರೀ ಸಂಖ್ಯೆ ತುಂಬಿದರೂ ಸಾಲದು, ಖಿನ್ನತೆಯ ಜೊತೆಗೆ ಬೇರೆ ಬೇರೆ ಬಗೆಯ ಆತಂಕದ ಕೇಸುಗಳೂ ಇರಬೇಕು. ಪ್ಯಾನಿಕ್ (ಇದ್ದಕ್ಕಿದ್ದಂತೆ ಏರುವ ತೀವ್ರ ಭಯ), ಒಸಿಡಿ (ಗೀಳು), ಸೋಶಿಯಲ್ ಆಂಗ್ಸೈಟಿ (ಜನರೆದುರು ಆಗುವ ಆತಂಕ) ಕೇಸು ಬೇಕೆಂದು ಎರಡನೇ ತಿಂಗಳಲ್ಲೇ ವೇಟಿಂಗ್ ಲಿಸ್ಟ್ ನೋಡಿಕೊಳ್ಳುವವರಿಗೆ ಹೇಳಿಡಿ. ಅರ್ಧ ವರ್ಷ ಕಳೆದ ಮೇಲೆ ಎದ್ದು ಹುಡುಕಿದರೆ ಸಿಗುವುದು ಮತ್ತೊಂದು ಖಿನ್ನತೆಯೇ.

ಇನ್ನು ಟೇಪು. ಕ್ಯಾಸೆಟ್ಟು ಹೋಗಿ ಎಷ್ಟೋ ಕಾಲವಾದರೂ ಎಲ್ಲರೂ ಟೇಪು ಎಂದೇ ಅನ್ನುವುದು. ರೋಗಿಯ ಲಿಖಿತ ಒಪ್ಪಿಗೆಯ ಮೇಲೆ ಇಡೀ ಸೆಷನ್ ರೆಕಾರ್ಡ್ ಮಾಡಿ ಕೊಡಬೇಕು, ಅದನ್ನು ಸಿಟಿಎಸ್-ಆರ್ ಎಂಬ ಅಳತೆಗೋಲಿನಲ್ಲಿ ಅಳೆಯುತ್ತಾರೆ. 2001ರಲ್ಲಿ ಬಂದ ಪರಿಷ್ಕೃತ ರೂಪ ಅದು. ಒಟ್ಟು 12 ಅಂಶ, ಒಂದೊಂದಕ್ಕೆ 0ಯಿಂದ 6, ಪೂರ್ಣಾಂಕ 72, ಪಾಸಾಗಲು 36. ಅಜೆಂಡಾ, ಫೀಡ್‌ಬ್ಯಾಕ್, ಜೊತೆಗೂಡಿ ಕೆಲಸ ಮಾಡುವುದು, ಸಮಯದ ಹದ, ಒಡನಾಟ ಎಂದು ಶುರುವಾಗಿ ಹೋಂವರ್ಕ್‌ವರೆಗೆ ಹೋಗುತ್ತದೆ. ವರ್ಷವಿಡೀ ಓದಿದ್ದೆಲ್ಲ ಈ ಒಂದು ಗಂಟೆಯಲ್ಲಿ ಕಿವಿಗೆ ಬೀಳದಿದ್ದರೆ ಓದಿಯೂ ಉಪಯೋಗವಿಲ್ಲ.

ಅಂಕ ಸೋರುವ ಜಾಗ ಎಲ್ಲಿ ಎಂದು ಹುಡುಕಬೇಕಿದ್ದರೆ ನಿಮ್ಮ ಟೇಪನ್ನೇ ಗಡಿಯಾರ ಹಿಡಿದು ಕೇಳಿ. ನಾನು ಹಾಳೆಯನ್ನು ಎರಡು ಕಾಲಮ್ ಮಾಡಿ, ಎಡಕ್ಕೆ ನಿಮಿಷ, ಬಲಕ್ಕೆ ಯಾರು ಮಾತಾಡುತ್ತಿದ್ದಾರೆ ಎಂದು ಗುರುತು ಹಾಕುತ್ತಿದ್ದೆ. ಐವತ್ತು ನಿಮಿಷದ ಸೆಷನ್ ಸುಮಾರಾಗಿ ಹೀಗೆ ಒಡೆಯಬೇಕು: ಮೊದಲ ಐದು ನಿಮಿಷ ಸ್ಕೋರು ಮತ್ತು ವಾರ ಹೇಗಿತ್ತು ಎಂಬುದಕ್ಕೆ, ಮೂರು ನಿಮಿಷ ಅಜೆಂಡಾಕ್ಕೆ, ಎಂಟು ಹತ್ತು ನಿಮಿಷ ಹಿಂದಿನ ಹೋಂವರ್ಕಿಗೆ, ಇಪ್ಪತ್ತು ಇಪ್ಪತ್ತೈದು ನಿಮಿಷ ಅಂದಿನ ಮುಖ್ಯ ಕೆಲಸಕ್ಕೆ, ಉಳಿದದ್ದು ಹೊಸ ಹೋಂವರ್ಕಿಗೂ ಫೀಡ್‌ಬ್ಯಾಕಿಗೂ. ಹೊಸಬರ ಟೇಪಿನಲ್ಲಿ ವಾರದ ವರದಿಯೇ ಇಪ್ಪತ್ತು ನಿಮಿಷ ತಿಂದಿರುತ್ತದೆ. ಅಜೆಂಡಾದಲ್ಲಿ ನಾಲ್ಕು ವಿಷಯ, ಮುಟ್ಟಿದ್ದು ಒಂದೂವರೆ. ಹೋಂವರ್ಕು ಕೋಟು ಹಾಕಿಕೊಳ್ಳುವ ಹೊತ್ತಿಗೆ, 'ಹಾಗಾದ್ರೆ ಡೈರಿ ಬರ್ಕೊಂಡು ಬನ್ನಿ' ಎಂದು. ಯಾವ ಡೈರಿ, ಎಷ್ಟು ಹೊತ್ತಿಗೆ, ಬರೆಯಲು ಅಡ್ಡಿ ಏನು ಬರಬಹುದು, ಒಂದೂ ಇಲ್ಲ. ಮುಂದಿನ ವಾರ ಅವರು ಬರೆಯದೆ ಬಂದರೆ 'ರೋಗಿಗೆ ಉತ್ಸಾಹವಿಲ್ಲ' ಎಂದು ನೋಟ್ಸಿನಲ್ಲಿ ಬರೆಯುವುದು ಬೇರೆ!

ಸ್ಕೋರಿನ ಬಗ್ಗೆ ಒಂದು ಮಾತು. ಪ್ರತಿ ಸೆಷನ್ನಿಗೂ ರೋಗಿಯಿಂದ ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9, ಆತಂಕ ಅಳೆಯುವ ಜಿಎಡಿ-7 ಎಂಬ ಪ್ರಶ್ನಾವಳಿ ತುಂಬಿಸುತ್ತಾರೆ. ಮೊದಲನೆಯದು 27ಕ್ಕೆ, 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗಮನಿಸಬೇಕಾದ ಮಟ್ಟ. ಎರಡನೆಯದು 21ಕ್ಕೆ, ಅಲ್ಲಿ 8. ಗಡಿಬಿಡಿಯಲ್ಲಿ ಮೊತ್ತ ಮಾತ್ರ ನೋಡಿ ಮುಂದೆ ಹೋಗುವ ಚಾಳಿ ಬೇಗ ಅಂಟುತ್ತದೆ. ಪಿಎಚ್‌ಕ್ಯೂನ ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಮೊತ್ತ ಇಳಿದಿದ್ದರೂ ಅದೊಂದು ಏರಿರಬಹುದು. ಅದು ಏರಿದ ದಿನ ಬೇರೆ ಅಜೆಂಡಾ ಇಲ್ಲ, ಟೇಪಿನ ಆಸೆ ಬಿಟ್ಟು ಅದನ್ನೇ ಕೇಳಬೇಕು.

ಅತಿ ಕಷ್ಟದ ಅಂಶ ಗೈಡೆಡ್ ಡಿಸ್ಕವರಿ. ಉತ್ತರ ನಮ್ಮ ಬಾಯಿಂದ ಬರಬಾರದು, ಪ್ರಶ್ನೆಯ ದಾರಿಯಲ್ಲಿ ಅವರಿಗೇ ಹೊಳೆಯಬೇಕು. ಬುದ್ಧಿ ಹೇಳುವುದೇ ಪ್ರೀತಿ ಎಂದು ನಂಬಿದ ಮನೆಗಳಲ್ಲಿ ಬೆಳೆದ ನಮ್ಮಂಥವರಿಗೆ ಇದು ಇನ್ನೂ ಕಷ್ಟ. ಕಲಿಸಲೆಂದು ಕಟ್ಟಿದ ಒಂದು ಉದಾಹರಣೆ ಕೊಡುತ್ತೇನೆ. ಐವತ್ತೈದರ ಹೆಂಗಸು, ಸೂಪರ್‌ಮಾರ್ಕೆಟ್ಟಿನಲ್ಲಿ ಎದೆ ಹೊಡೆದುಕೊಂಡು ಪ್ಯಾನಿಕ್ ಆಗುತ್ತದೆ, ಡಾಕ್ಟರು ಹೃದಯ ಸರಿಯಿದೆ ಎಂದಿದ್ದಾರೆ. ಹೊಸ ಥೆರಪಿಸ್ಟ್ ಹೀಗೆ ಹೋಗುತ್ತಾರೆ:

"ಇಸಿಜಿ ನಾರ್ಮಲ್ ಬಂದಿದೆಯಲ್ಲಮ್ಮ, ಮತ್ತೆ ಯಾಕೆ ಹೆದರ್ತೀರಿ?"

"ಹೌದು ನೋಡಮ್ಮ, ನಂದೇ ತಪ್ಪು."

ಅಲ್ಲಿಗೆ ಸೆಷನ್ ಸತ್ತಿತು. ಅವರು ಒಪ್ಪಿದ್ದು ಮರ್ಯಾದೆಗೆ, ಭಯ ಇದ್ದಲ್ಲೇ ಇದೆ. ಇದೇ ಮಾತು ಹೀಗೂ ಹೋಗಬಹುದು:

"ಎದೆ ಹೊಡ್ಕೊಳ್ಳೋಕೆ ಶುರುವಾದಾಗ ಏನ್ ಮಾಡಿದ್ರಿ?"

"ಟ್ರಾಲಿ ಗಟ್ಟಿಯಾಗಿ ಹಿಡ್ಕೊಂಡೆ."

"ಹಿಡ್ಕೊಳ್ದೆ ಇದ್ದಿದ್ರೆ?"

"ಬಿದ್ದೇ ಹೋಗ್ತಿದ್ದೆ."

"ಇದುವರೆಗೂ ಹೀಗೆ ಎಷ್ಟು ಸಲ ಆಗಿದೆ?"

"ಇಪ್ಪತ್ತು ಸಲ ಆಗಿರಬಹುದು."

"ಅದ್ರಲ್ಲಿ ಎಷ್ಟು ಸಲ ಬಿದ್ರಿ?"

"ಒಂದ್ ಸಲಾನೂ ಇಲ್ಲ. ಟ್ರಾಲಿ ಇತ್ತಲ್ಲ!"

ಬೇಕಾದದ್ದು ಆ ಕೊನೆಯ ಮಾತು. ಇಪ್ಪತ್ತು ಸಲ ಬೀಳದಿದ್ದರೂ ನಂಬಿಕೆ ಯಾಕೆ ಅಲುಗಲಿಲ್ಲ ಎಂಬುದಕ್ಕೆ ಉತ್ತರ ಅವರೇ ಕೊಟ್ಟರು: ಪ್ರತಿ ಸಲವೂ ಟ್ರಾಲಿ ಕಾಪಾಡಿತು. ಡೇವಿಡ್ ಕ್ಲಾರ್ಕ್ 1986ರಲ್ಲಿ ಕೊಟ್ಟ ಪ್ಯಾನಿಕ್ ಮಾದರಿಯ ವೃತ್ತದಲ್ಲಿ ಮೈಯ ಸಹಜ ಅನುಭವ, ಅದಕ್ಕೆ ಕೊಡುವ ಭಯಂಕರ ಅರ್ಥ, ಅದರಿಂದ ಏರುವ ಆತಂಕ, ಮತ್ತೆ ಮೈಯ ಅನುಭವ ಎಂದು ಸುತ್ತುತ್ತದೆ. ಆ ಅರ್ಥ ಸುಳ್ಳೆಂದು ತಿಳಿಯಲು ಬಿಡದ ಬೀಗ ಈ ಟ್ರಾಲಿ, ಸೇಫ್ಟಿ ಬಿಹೇವಿಯರ್, ಅಂದರೆ ಹೆದರಿದ ಅಪಾಯ ತಪ್ಪಿಸಲೆಂದು ಮಾಡುವ ಕೆಲಸ. ಇದನ್ನು ಅವರೆದುರೇ ಅವರ ಮಾತಿನಲ್ಲೇ ಹಾಳೆಯ ಮೇಲೆ ಬರೆಯಬೇಕು. 'ಬಿದ್ದೇ ಹೋಗ್ತೀನಿ' ಎಂದಿದ್ದರೆ ಹಾಗೆಯೇ ಬರೆಯಿರಿ, 'ಪ್ರಜ್ಞೆ ತಪ್ಪುವ ಭಯ' ಎಂದು ತಿದ್ದಿದರೆ ಅದು ನಿಮ್ಮ ಹಾಳೆಯಾಗುತ್ತದೆ.

ಮುಂದಿನದು ಬಿಹೇವಿಯರಲ್ ಎಕ್ಸ್‌ಪೆರಿಮೆಂಟ್, ನಂಬಿಕೆ ನಿಜವೇ ಎಂದು ಮಾಡಿಯೇ ನೋಡುವುದು. ಅಂಗಡಿಗೆ ಒಟ್ಟಿಗೆ ಹೋಗಿ. ಹೊರಡುವ ಮೊದಲು ಬರೆಸಿಕೊಳ್ಳಬೇಕಾದದ್ದು: ಏನಾಗುತ್ತದೆ ಎಂಬ ಭವಿಷ್ಯವಾಣಿ, ಅದನ್ನು ಶೇಕಡಾ ಎಷ್ಟು ನಂಬುತ್ತಾರೆ, ಆಯಿತೋ ಇಲ್ಲವೋ ಎಂದು ಗೊತ್ತಾಗುವ ಗುರುತು. 'ಏನೋ ಕೆಟ್ಟದಾಗುತ್ತೆ' ಎಂಬುದನ್ನು ಪರೀಕ್ಷೆಗೆ ಹಾಕಲಾಗದು. 'ಎದೆ ಹೊಡ್ಕೊಳ್ಳುವಾಗ ಟ್ರಾಲಿ ಬಿಟ್ಟರೆ ಐದು ನಿಮಿಷದೊಳಗೆ ಬೀಳುತ್ತೇನೆ, 80%' ಎಂಬುದನ್ನು ಹಾಕಬಹುದು. ಇಲ್ಲಿ ಕೆಡುವುದು ಹೆಚ್ಚಾಗಿ ಒಂದೇ ರೀತಿ: ಟ್ರಾಲಿ ಬಿಟ್ಟಿರುತ್ತಾರೆ, ಕೈಯಲ್ಲಿ ನೀರಿನ ಬಾಟಲಿ ಇರುತ್ತದೆ. ಅಥವಾ ಪಕ್ಕದಲ್ಲಿರುವ ಥೆರಪಿಸ್ಟೇ ಹೊಸ ಟ್ರಾಲಿ. ಆದ್ದರಿಂದ ಮೊದಲ ಸಲ ಜೊತೆಗೆ, ಎರಡನೇ ಸಲ ನೀವು ಬಾಗಿಲ ಹತ್ತಿರ, ಮೂರನೇ ಸಲ ಅವರೊಬ್ಬರೇ. ಪ್ರತಿ ಸಲವೂ ನಂಬಿಕೆಯ ಶೇಕಡಾವನ್ನು ಮತ್ತೆ ಕೇಳಿ. ಇಳಿಯದಿದ್ದರೆ 'ಇವತ್ತು ಅದೃಷ್ಟ ಚೆನ್ನಾಗಿತ್ತು' ಎಂಬ ಮಾತು ಒಳಗೆ ಎಲ್ಲೋ ಕೂತಿದೆ ಎಂದರ್ಥ. ಅದನ್ನೂ ಹೊರಗೆ ತೆಗೆಸಿ. ಕೋಣೆಯಲ್ಲೇ ಜೋರಾಗಿ ಉಸಿರಾಡಿಸಿ ಅದೇ ಲಕ್ಷಣ ತರಿಸುವ ಪ್ರಯೋಗವೂ ಇದೆ, ಆದರೆ ಬಸುರಿ, ಮೂರ್ಛೆರೋಗ, ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇದೆಯೇ ಎಂದು ಕೇಳದೆ ಅದಕ್ಕೆ ಕೈ ಹಾಕಬೇಡಿ.

ಕನ್ನಡದಲ್ಲಿ ಥೆರಪಿ ಮಾಡುವವರಿಗೆ ಪಠ್ಯದಲ್ಲಿಲ್ಲದ ತೊಡಕೊಂದಿದೆ. ಸಿಬಿಟಿ ನಿಂತಿರುವುದು ಯೋಚನೆ ಬೇರೆ, ಭಾವನೆ ಬೇರೆ ಎಂದು ಬಿಡಿಸುವುದರ ಮೇಲೆ. ನಮ್ಮ 'ಅನ್ನಿಸುತ್ತೆ' ಎರಡನ್ನೂ ನುಂಗಿಬಿಡುತ್ತದೆ. 'ನಾನು ಯಾರಿಗೂ ಬೇಡ ಅನ್ನಿಸುತ್ತೆ' ಎನ್ನುವುದು ಯೋಚನೆ, 'ಒಂಥರಾ ಅನ್ನಿಸುತ್ತೆ' ಎನ್ನುವುದು ಭಾವನೆ, ಕೆಲವೊಮ್ಮೆ ಹೊಟ್ಟೆಯ ತಳಮಳ. 'ಬೇಜಾರು' ಇನ್ನೂ ಮಜಾ. ದುಃಖ, ನೋವು, ಸಿಟ್ಟು, ಏನೂ ಮಾಡಲು ತೋಚದಿರುವುದು, ಎಲ್ಲಕ್ಕೂ ಅದೊಂದೇ ಚೀಲ. ಯೋಚನೆ, ಭಾವನೆಗಳನ್ನು ಬಿಡಿಸಿ ಬರೆಯುವ ಥಾಟ್ ರೆಕಾರ್ಡ್ ಎಂಬ ಹಾಳೆಯಲ್ಲಿ, ಭಾವನೆಯ ಕಾಲಮ್ಮಿನಲ್ಲಿ 'ಬೇಜಾರು 90%' ಎಂದು ಬರೆದು ಮುಂದೆ ಹೋದರೆ ಯಾವ ಯೋಚನೆಯನ್ನು ಹುಡುಕಬೇಕು ಎಂಬುದೇ ತಪ್ಪಿಹೋಗುತ್ತದೆ, ಯಾಕೆಂದರೆ ಸಿಟ್ಟಿನ ಹಿಂದಿರುವ ಯೋಚನೆ ಬೇರೆ, ದುಃಖದ ಹಿಂದಿರುವುದು ಬೇರೆ. ನಾನು ಕೇಳುವುದು ಹೀಗೆ: 'ಅಳು ಬರೋ ಬೇಜಾರೋ, ಬೈಯೋಣ ಅನ್ನೋ ಬೇಜಾರೋ, ಎದ್ದೇಳೋಕೇ ಬೇಡ ಅನ್ನೋ ಬೇಜಾರೋ?' ತಕ್ಷಣ ಉತ್ತರ ಬರುತ್ತದೆ. 'ಜೀವವೇ ಹೋದಂಗಾಯ್ತು' ಎಂದಾಗಲೂ ಹಾಗೆ, ಮಾತಿನ ರೂಢಿಯೋ ಅಥವಾ ಆ ಕ್ಷಣ ಸಾಯುತ್ತೇನೆಂದೇ ನಂಬಿದರೋ ಎಂದು ಕೇಳದೆ ಗೊತ್ತಾಗದು. ಪ್ಯಾನಿಕ್‌ನಲ್ಲಿ ಎರಡನೆಯದೇ ಆಗಿರುವುದು ಹೆಚ್ಚು.

ಥಾಟ್ ರೆಕಾರ್ಡಿನಲ್ಲಿ ಇನ್ನೊಂದು ತಪ್ಪು ಪದೇ ಪದೇ ಕಾಣುತ್ತದೆ: ಯೋಚನೆಯ ಕಾಲಮ್ಮಿನಲ್ಲಿ ಪ್ರಶ್ನೆ ಬರೆಯುವುದು. 'ಮಗ ಯಾಕೆ ಫೋನ್ ತೆಗೀತಿಲ್ಲ?' ಎಂಬುದಕ್ಕೆ ಪರ ವಿರೋಧ ಸಾಕ್ಷಿ ಹುಡುಕಲಾಗದು. 'ಅದಕ್ಕೆ ನಿಮ್ಮ ಮನಸ್ಸು ಕೊಟ್ಟ ಉತ್ತರ ಏನು?' ಎಂದು ಕೇಳಿದರೆ 'ಆಕ್ಸಿಡೆಂಟ್ ಆಗಿದೆ' ಎಂಬುದು ಹೊರಬರುತ್ತದೆ. ಅದನ್ನು ಬರೆದುಕೊಂಡು ಕೆಲಸ ಶುರು ಮಾಡಬಹುದು.

ಕೋರ್ಸಿಗೆ ಬರೆದು ಕೊಡುವ ಕೇಸ್ ರಿಪೋರ್ಟುಗಳ ಬಗ್ಗೆ ಹೆಚ್ಚೇನಿಲ್ಲ. ಮಾದರಿಯ ಚಿತ್ರ ಹಾಕಿ ರೋಗಿಯನ್ನು ಅದಕ್ಕೆ ತುರುಕಿದರೆ ಓದುವವರಿಗೆ ಎರಡನೇ ಪುಟದಲ್ಲೇ ತಿಳಿಯುತ್ತದೆ. ಚೆನ್ನಾಗಿ ನಡೆಯದ ಕೇಸೇ ಬರೆಯಲು ಒಳ್ಳೆಯದು, ಯಾಕೆ ನಡೆಯಲಿಲ್ಲ ಎಂಬ ವಿಶ್ಲೇಷಣೆಗೆ ಜಾಗವಿರುತ್ತದೆ.

ಸೂಪರ್‌ವಿಷನ್ನಿಗೆ ಒಂದು ಪ್ರಶ್ನೆ ಹಿಡಿದೇ ಹೋಗಿ. 'ಈ ಕೇಸು ಹೇಗೆ ಹೋಗ್ತಿದೆ ನೋಡಿ' ಎಂದರೆ ಅರ್ಧ ಗಂಟೆ ಕಥೆಯಲ್ಲೇ ಕಳೆಯುತ್ತದೆ. 'ಇಲ್ಲಿ 23ನೇ ನಿಮಿಷದಿಂದ ಐದು ನಿಮಿಷ ಕೇಳಿ, ನಾನು ಪ್ರಶ್ನೆ ಬಿಟ್ಟು ಭಾಷಣಕ್ಕೆ ಇಳಿದದ್ದು ಎಲ್ಲಿಂದ?' ಎಂದರೆ ಅಷ್ಟರಲ್ಲೇ ಕೆಲಸವಾಗುತ್ತದೆ. ಒಳ್ಳೆಯ ಸೆಷನ್ನನ್ನೇ ಆರಿಸಿ ಕೇಳಿಸುವ ಆಸೆ ಎಲ್ಲರಿಗೂ ಇರುತ್ತದೆ. ಅದನ್ನು ಪರೀಕ್ಷೆಗೆ ಇಟ್ಟುಕೊಳ್ಳಿ, ಸೂಪರ್‌ವೈಸರ್‌ಗೆ ಕೆಟ್ಟದ್ದನ್ನು ಕೇಳಿಸಿ. ಪರೀಕ್ಷೆಗೆ ಕೊಡುವ ಟೇಪು ಮೊದಲ ಸೆಷನ್ನಿನದೂ ಬೇಡ, ಕೊನೆಯದೂ ಬೇಡ. ಮೊದಲಿನದರಲ್ಲಿ ಬದಲಾವಣೆಯ ಕೆಲಸ ಇರುವುದಿಲ್ಲ, ಕೊನೆಯದರಲ್ಲಿ ಹುಡುಕಲು ಏನೂ ಉಳಿದಿರುವುದಿಲ್ಲ. ನಡುವಿನ ಐದರಿಂದ ಒಂಬತ್ತರೊಳಗೆ ಆರಿಸಿ. ರೆಕಾರ್ಡರನ್ನು ರೋಗಿಯ ಕಡೆಗೆ ತಿರುಗಿಸಿಡಿ. ನಮ್ಮ ದನಿ ಹೇಗೂ ಕೇಳಿಸುತ್ತದೆ, ಮೆಲ್ಲಗೆ ಅಳುವವರ ದನಿ ಕೇಳಿಸದಿದ್ದರೆ ಭಾವನೆಯ ಅಂಶದ ಅಂಕ ಹೋಯಿತು. ಬ್ಯಾಟರಿ ಹಿಂದಿನ ದಿನವೇ ನೋಡಿ.

ಗಂಟೆಗಳ ಲಾಗ್ ಅನ್ನು ವಾರ ವಾರ ತುಂಬಿ, ತಿಂಗಳಿಗೊಮ್ಮೆ ಸಹಿ ಹಾಕಿಸಿ. ಬಿಎಬಿಸಿಪಿ ಮಾನ್ಯತೆಗೆ ಅರ್ಜಿ ಹಾಕುವ ಹೊತ್ತಿಗೆ ಸೂಪರ್‌ವೈಸರ್ ಬೇರೆ ಕೆಲಸಕ್ಕೆ ಹೋಗಿರುವ ಸಂಭವ ಜಾಸ್ತಿ, ಹೋದವರನ್ನು ಹುಡುಕಿ ಎಂಟು ತಿಂಗಳ ಹಿಂದಿನ ಗಂಟೆಗಳಿಗೆ ಸಹಿ ಕೇಳುವ ಪಾಡು ಯಾರಿಗೂ ಬೇಡ.