ಗಾಡಿಗೆ ಶೋಕಿ ಮಾಡಿಸುವ ಮುಂಚೆ: ಯಾವುದು ಹಾಕಿಸಬೇಕು, ಯಾವುದು ಬಿಚ್ಚಿಸಬೇಕು

ಡಿಸೆಂಬರಿನ ಒಂದು ರಾತ್ರಿ. ಹುಮನಾಬಾದಿನಿಂದ ಕಲಬುರಗಿಗೆ ವಾಪಸ್ ಬರುತ್ತಿದ್ದೆ, ಎಂಟು ಗಂಟೆ ದಾಟಿತ್ತು. ಕಮಲಾಪುರ ಬಿಟ್ಟು ಸ್ವಲ್ಪ ಮುಂದೆ ಎದುರಿನಿಂದ ಒಂದು ಕಾರು ಬಂತು. ಬಂಪರಿನ ಮೇಲೆ ಉದ್ದಕ್ಕೆ ಎಲ್‌ಇಡಿ ಬಾರ್, ಬೆಳ್ಳಗೆ ಉರಿಯುತ್ತಿತ್ತು. ಮೂರು ಸಲ ಡಿಪ್ಪರ್ ಕೊಟ್ಟೆ. ಅವನು ಇಳಿಸಲಿಲ್ಲ, ಇಳಿಸುವುದಕ್ಕೆ ಆಗುವುದೂ ಇಲ್ಲ, ಅಂಥ ಬಾರಿಗೆ ಡಿಮ್ ಅನ್ನೋದೇ ಇರಲ್ಲ. ಅವನು ದಾಟಿ ಹೋದ ಮೇಲೆ ಕಣ್ಣ ಮುಂದೆ ಬರೀ ಕತ್ತಲೆ, ಆ ಕತ್ತಲೆಯೊಳಗಿಂದ ಕಬ್ಬು ಹೇರಿದ ಟ್ರೇಲರಿನ ಹಿಂಭಾಗ ಎದ್ದು ಬಂತು. ರಿಫ್ಲೆಕ್ಟರ್ ಇಲ್ಲ, ಕೆಂಪು ಲೈಟ್ ಇಲ್ಲ, ಕಬ್ಬಿನ ತುದಿಗಳು ಹೊರಗೆ ಚಾಚಿದ್ದವು. ಬ್ರೇಕ್ ಒತ್ತಿ ನಿಲ್ಲಿಸಿದಾಗ ಆ ತುದಿಗಳಿಗೂ ನನ್ನ ಬಾನೆಟ್ಟಿಗೂ ಒಂದು ಮೊಳ ಅಂತರ. ಹಿಂದಿನ ಸೀಟಿನಲ್ಲಿ ಅವ್ವ ನಿದ್ದೆ ಮಾಡುತ್ತಿದ್ದಳು.

60ರ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಮೂರು ಸೆಕೆಂಡ್ ಕಣ್ಣು ಕಾಣದಿದ್ದರೆ 50 ಮೀಟರ್ ಕುರುಡಾಗಿ ಓಡಿಸಿದ ಹಾಗೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಶೋಕಿ ಮಾಡಿಸಿದ ಗಾಡಿಗಳನ್ನೆಲ್ಲಾ ಬ್ಯಾನ್ ಮಾಡಬೇಕು ಅಂತ ನಮ್ಮಲ್ಲಿ ಎಷ್ಟೋ ಜನ ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ದುಡಿದ ದುಡ್ಡಿನಲ್ಲಿ ಗಾಡಿ ತಗೊಂಡವನಿಗೆ ಅದು ಚೆಂದ ಕಾಣಬೇಕು ಅಂತ ಆಸೆ ಇರುತ್ತೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಎದುರಿನವನ ಕಣ್ಣು ಕುಕ್ಕುವುದು, ನಡೆದು ಹೋಗುವವನ ಮೈಗೆ ಹೊಡೆಯುವುದು, ಗಾಡಿಯ ಬ್ರೇಕು ಏರ್‌ಬ್ಯಾಗು ಕೆಡಿಸುವುದು, ಇವು ಬೇಡವೇ ಬೇಡ. ಇವನ್ನು ರಸ್ತೆಯಲ್ಲಿ ಹಿಡಿದು ದಂಡ ಹಾಕಿದರೆ ಸಾಲದು, ಅಂಗಡಿಯಲ್ಲೇ ತಡೆಯಬೇಕು. ತಡೆಯುವವರೆಗೆ ನಾವೇ ತಿಳಿದು ಹಾಕಿಸಿಕೊಳ್ಳಬೇಕು. ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್ ಕಾರು. ಹಳೇ ಮಾಲೀಕ ಎಲ್ಲಾ ಹಾಕಿಸಿಟ್ಟಿದ್ದ. ಒಂದೊಂದೇ ಬಿಚ್ಚಿಸುವುದಕ್ಕೆ ನನಗೆ ಎರಡು ತಿಂಗಳು ಹಿಡಿಯಿತು.

ಮೊದಲು ಕಾನೂನು ತಿಳ್ಕೊಳ್ಳಿ, ಬೇಗ ಮುಗಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರ ಆರ್‌ಸಿಯಲ್ಲಿ ಏನಿದೆಯೋ ಅದಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ಬಂತು. ಅನುಮತಿ ಇಲ್ಲದ ಬದಲಾವಣೆ ಮಾಡಿಸಿದರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಒಂದೊಂದಕ್ಕೆ ಅನ್ನೋದನ್ನು ಗಮನಿಸಿ. ಬಣ್ಣ ಬದಲಾಯಿಸಬಹುದು, ಸಿಎನ್‌ಜಿ ಕಿಟ್ ಹಾಕಿಸಬಹುದು, ಆದರೆ ಕಿಟ್ ಮಂಜೂರಾದದ್ದೇ ಆಗಿರಬೇಕು ಮತ್ತು ಆರ್‌ಟಿಒದಲ್ಲಿ ಆರ್‌ಸಿ ಮೇಲೆ ಬರೆಸಬೇಕು.

ಈಗ ಲೈಟು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಜಾಸ್ತಿ ತಪ್ಪು ಇದರಲ್ಲೇ.

ಅಂಗಡಿಗೆ ಹೋದರೆ ಹಾಲೋಜನ್ ಬಲ್ಬ್ ಕಿತ್ತು ಅದೇ ಹೋಲ್ಡರಿಗೆ ಎಲ್‌ಇಡಿ ಬಲ್ಬ್ ತುರುಕಿ ಕೊಡುತ್ತಾರೆ. "ಎಲ್ಲರೂ ಇದೇ ಹಾಕಿಸ್ಲತ್ತಾರ ರೀ ಅಣ್ಣಾ" ಅಂತಾರೆ. ನಿಮ್ಮ ಹೆಡ್‌ಲೈಟಿನ ಒಳಗಿರುವ ಹೊಳಪಿನ ಬಟ್ಟಲನ್ನು ಕಂಪನಿಯವರು ಹಾಲೋಜನ್ ತಂತಿ ಎಲ್ಲಿ ಉರಿಯುತ್ತದೋ ಆ ಜಾಗಕ್ಕೆ ಅಳತೆ ಹಿಡಿದು ಮಾಡಿರುತ್ತಾರೆ. ಎಲ್‌ಇಡಿ ಉರಿಯುವ ಜಾಗ ಬೇರೆ, ಆಕಾರ ಬೇರೆ. ಹಾಗಾಗಿ ಬೆಳಕು ರಸ್ತೆಗೆ ಬೀಳುವ ಬದಲು ಮೇಲಕ್ಕೆ, ಪಕ್ಕಕ್ಕೆ ಚೆಲ್ಲುತ್ತದೆ. ಮುಂದೆ ಎಲ್ಲಾ ಬೆಳ್ಳಗೆ ಕಂಡಿದ್ದಕ್ಕೆ ನಿಮಗೆ ಚೆನ್ನಾಗಿ ಕಾಣುತ್ತಿದೆ ಅನ್ನಿಸುತ್ತೆ, ದೂರದ ಎಮ್ಮೆ ಮಾತ್ರ ಕಾಣಲ್ಲ. ಎದುರಿನವನಿಗಂತೂ ಏನೂ ಕಾಣಲ್ಲ.

ಬೆಳಕು ಸಾಲುತ್ತಿಲ್ಲ ಅನ್ನಿಸಿದರೆ ಮೊದಲು ಹೆಡ್‌ಲೈಟಿನ ಗಾಜನ್ನು ಹಗಲಲ್ಲಿ ನೋಡಿ. ಅದು ಗಾಜಲ್ಲ, ಪ್ಲಾಸ್ಟಿಕ್. ನಮ್ಮ ಬಿಸಿಲಿಗೆ ನಾಲ್ಕೈದು ವರ್ಷದಲ್ಲಿ ಹಳದಿ ತಿರುಗುತ್ತೆ. ನನ್ನದು ಹಳೇ ಹರಳೆಣ್ಣೆ ಬಾಟಲಿ ಥರ ಆಗಿತ್ತು. ಪಾಲಿಶ್ ಮಾಡಿಸಿ, ಕಂಪನಿ ಹೇಳಿದ ವ್ಯಾಟಿನದೇ ಹೊಸ ಬಲ್ಬುಗಳನ್ನು ಎರಡೂ ಕಡೆ ಒಟ್ಟಿಗೆ ಹಾಕಿಸಿದೆ. ಎಚ್4 ಬಲ್ಬ್ ಆದರೆ 60/55 ವ್ಯಾಟ್ ಅಂತ ಬರೆದಿರುತ್ತೆ. 100/90 ಹಾಕಿಸಬೇಡಿ, ಆ ಕಾವಿಗೆ ಹೋಲ್ಡರ್ ಕರಗುತ್ತದೆ, ವೈರು ಸುಡುತ್ತದೆ.

ಆಮೇಲೆ ಲೈಟಿನ ಎತ್ತರ. ಇದನ್ನು ಮನೆಯಲ್ಲೇ ನೋಡಬಹುದು. ಸಮತಟ್ಟಾದ ಜಾಗದಲ್ಲಿ, ಗೋಡೆಗೆ ಎದುರಾಗಿ, ಹೆಡ್‌ಲೈಟಿನಿಂದ ಗೋಡೆಗೆ 25 ಅಡಿ ಇರುವ ಹಾಗೆ ಗಾಡಿ ನಿಲ್ಲಿಸಿ. ಟೈರಿನ ಗಾಳಿ ಸರಿ ಇರಲಿ, ಡಿಕ್ಕಿ ಖಾಲಿ ಇರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಹೆಡ್‌ಲೈಟಿನ ನಡುಭಾಗ ನೆಲದಿಂದ ಎಷ್ಟು ಎತ್ತರ ಇದೆ ಅಂತ ಟೇಪಿನಿಂದ ಅಳೆದು, ಗೋಡೆ ಮೇಲೆ ಅಷ್ಟೇ ಎತ್ತರಕ್ಕೆ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ. ಈಗ ಡಿಮ್ ಹಾಕಿ. ಬೆಳಕಿನ ಮೇಲಂಚು ಆ ಗೆರೆಗಿಂತ ಎರಡು ಇಂಚಾದರೂ ಕೆಳಗೆ ಬೀಳಬೇಕು. ಎಡಗಡೆ ಸ್ವಲ್ಪ ಮೇಲೇರಿದರೆ ಪರವಾಗಿಲ್ಲ, ಅದು ರಸ್ತೆ ಅಂಚಿನಲ್ಲಿ ನಡೆಯುವವರು ಕಾಣಲಿ ಅಂತ ಇರೋದು. ಬಲಗಡೆ ಏರಬಾರದು, ಅಲ್ಲಿ ಎದುರಿನ ಗಾಡಿ ಬರುತ್ತದೆ. ಜಾಸ್ತಿ ಮೇಲಿದ್ದರೆ ಹೆಡ್‌ಲೈಟಿನ ಹಿಂದೆ ತಿರುಗಿಸುವ ಸ್ಕ್ರೂ ಇರುತ್ತದೆ, ಮೆಕ್ಯಾನಿಕ್ ಹತ್ತು ನಿಮಿಷದಲ್ಲಿ ಸರಿ ಮಾಡುತ್ತಾನೆ. ಇನ್ನೊಂದು. ಸ್ಟೇರಿಂಗಿನ ಬಲಕ್ಕೆ 0, 1, 2, 3 ಅಂತ ಒಂದು ಸಣ್ಣ ಚಕ್ರ ಎಷ್ಟೋ ಕಾರುಗಳಲ್ಲಿ ಇರುತ್ತೆ, ಅದನ್ನು ಯಾರೂ ಮುಟ್ಟಲ್ಲ. ಹಿಂದೆ ಮೂವರು ಕೂತು ಡಿಕ್ಕಿಯಲ್ಲಿ ತೊಗರಿ ಚೀಲ ಇಟ್ಟರೆ ಗಾಡಿಯ ಮೂತಿ ಮೇಲೇಳುತ್ತೆ, ಬೆಳಕು ಎದುರಿನವನ ಮುಖಕ್ಕೆ ಹೊಡೆಯುತ್ತೆ. ಆಗ ಅದನ್ನು 2ಕ್ಕೋ 3ಕ್ಕೋ ತಿರುಗಿಸಿದರೆ ಬೆಳಕು ಕೆಳಗಿಳಿಯುತ್ತದೆ.

ಎಲ್‌ಇಡಿ ಬಾರ್, ಕೆಂಪು ನೀಲಿ ಮಿನುಗುವ ಲೈಟು, ಬ್ರೇಕ್ ಒತ್ತಿದರೆ ಪಟಪಟ ಹೊಡೆದುಕೊಳ್ಳುವ ಹಿಂದಿನ ಲೈಟು, ಹಿಂದಿನ ಲೈಟಿಗೆ ಅಂಟಿಸುವ ಕಪ್ಪು ಫಿಲ್ಮ್ ಎಲ್ಲಾ ಬಿಚ್ಚಿಸಿ.

ಲೈಟು ಬಿಚ್ಚಿಸುವಾಗ ವೈರಿಂಗ್ ನೋಡೋದು ಮರೀಬೇಡಿ. ನನ್ನ ಗಾಡಿಯ ಬಾರ್ ಬಿಚ್ಚಿದಾಗ ಮೆಕ್ಯಾನಿಕ್ ನನ್ನನ್ನು ಕರೆದು ತೋರಿಸಿದ. ಕಂಪನಿ ವೈರಿನ ಸಿಪ್ಪೆ ಹಲ್ಲಿನಲ್ಲಿ ಕಚ್ಚಿ ಸುಲಿದ ಹಾಗೆ ಸುಲಿದು, ಇನ್ನೊಂದು ವೈರು ಸುತ್ತಿ, ಮೇಲೆ ಕಪ್ಪು ಟೇಪ್ ಹಚ್ಚಿದ್ದರು. ಟೇಪಿನ ಅಂಟು ಬಿಸಿಲಿಗೆ ಕರಗಿ ಬೆಲ್ಲದ ಪಾಕದ ಹಾಗೆ ಇಳಿದಿತ್ತು, ತಾಮ್ರ ಬರಿಗಣ್ಣಿಗೆ ಕಾಣುತ್ತಿತ್ತು. ಫ್ಯೂಸ್ ಇಲ್ಲ, ರಿಲೇ ಇಲ್ಲ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42, 43 ಡಿಗ್ರಿ ಇರುತ್ತೆ, ಬಾನೆಟ್ಟಿನ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಬೆಂಕಿ ಹತ್ತುವುದಕ್ಕೆ ಇನ್ನೇನು ಬೇಕು? ಹಾರ್ನ್ ಆಗಲಿ ಮ್ಯೂಸಿಕ್ ಆಗಲಿ, ಏನೇ ಹಾಕಿಸಿದರೂ ವೈರು ಕತ್ತರಿಸದೆ ಕಪ್ಲರಿನಿಂದಲೇ (ಒಂದಕ್ಕೊಂದು ಸಿಕ್ಕಿಸುವ ಪ್ಲಗ್) ಜೋಡಿಸಬೇಕು, ಬೇರೆ ಫ್ಯೂಸ್ ಇರಬೇಕು ಅಂತ ಮೊದಲೇ ಹೇಳಿ, ಪಕ್ಕದಲ್ಲೇ ನಿಂತು ಮಾಡಿಸಿ.

ಮುಂದಿನ ಕಬ್ಬಿಣದ ಗಾರ್ಡ್. ಇದು ನಮ್ಮ ಕಡೆ ಬೊಲೆರೊ, ಸ್ಕಾರ್ಪಿಯೊಗಳಿಗೆ ಮೀಸೆ ಇದ್ದ ಹಾಗೆ, ಇಲ್ಲದಿದ್ದರೆ ಗಾಡಿಗೆ ಕಳೆ ಇಲ್ಲ ಅಂತಾರೆ. ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲೇ ಇದರ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಕಾರಣ ಇದು: ಗುದ್ದಿದಾಗ ಗಾಡಿಯ ಮೂತಿ ನುಗ್ಗಾಗಬೇಕು. ಅದು ನುಗ್ಗಾದಷ್ಟೂ ಒಳಗೆ ಕೂತವರಿಗೆ ಬೀಳುವ ಪೆಟ್ಟು ಕಡಿಮೆ. ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಚೌಕಟ್ಟಿಗೆ, ಬೋಲ್ಟ್ ಹಾಕಿದ ಗಾರ್ಡ್ ಇದ್ದರೆ ಹೊಡೆತ ನೇರ ಚಾಸಿಗೆ ಹೋಗುತ್ತದೆ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಸಮಯ ಏರುಪೇರಾಗಬಹುದು. ಅಡ್ಡ ಬಂದ ಸೈಕಲ್ಲಿನವನಿಗೆ, ಶಾಲೆ ಹುಡುಗನಿಗೆ ಆ ಕಬ್ಬಿಣ ಎದೆ ಎತ್ತರಕ್ಕೆ ಬಡಿಯುತ್ತೆ. ಪ್ಲಾಸ್ಟಿಕ್ ಬಂಪರಿನ ಪೆಟ್ಟೇ ಬೇರೆ, ಇದರ ಪೆಟ್ಟೇ ಬೇರೆ. ಬಿಚ್ಚಿಸಿದ ಮೇಲೆ ಬೋಲ್ಟಿನ ತೂತುಗಳಿಗೆ ತುಕ್ಕು ಹಿಡಿಯದ ಹಾಗೆ ಪೇಂಟ್ ಹಚ್ಚಿಸಿ.

ಏರ್‌ಬ್ಯಾಗಿನ ಮಾತು ಬಂತಲ್ಲ, ದೇವರ ಮೂರ್ತಿಯ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಶರಣಬಸವೇಶ್ವರರ ಫೋಟೋ, ಗಣಪತಿ, ಮಕ್ಕಾ ಮದೀನಾದ ಚಿತ್ರ, ಏನಾದರೂ ಒಂದು ಇದ್ದೇ ಇರುತ್ತೆ. ಇರಲಿ. ಆದರೆ ಎಡಗಡೆ ಸೀಟಿನ ಎದುರು ಏರ್‌ಬ್ಯಾಗ್ ಅಂತ ಬರೆದ ಮುಚ್ಚಳದ ಮೇಲೆ ಅಂಟಿಸಬೇಡಿ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಸಿಡಿದು ತೆರೆಯುತ್ತದೆ, ಮೇಲಿದ್ದ ಕಲ್ಲಿನ ಮೂರ್ತಿ ಅಲ್ಲಿ ಕೂತವರ ಮುಖಕ್ಕೇ ಹಾರುತ್ತದೆ. ನಾನು ಮೂರ್ತಿ ತೆಗೆದು ಒಂದು ಸಣ್ಣ ಚಿತ್ರವನ್ನು ನಡುವಿನ ಎಸಿ ಕಿಂಡಿಯ ಕೆಳಗೆ ಅಂಟಿಸಿದ್ದೇನೆ. ಅವ್ವ ಮೊದಲು ಬೇಜಾರು ಮಾಡಿಕೊಂಡಳು, ತಿಳಿಸಿ ಹೇಳಿದ ಮೇಲೆ ತಾನೇ ಕುಂಕುಮ ಹಚ್ಚಿದಳು. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುವ ಗಾಡಿಗೆ ಸೀಟ್ ಕವರ್ ಹೊಲಿಸುವಾಗಲೂ ಹುಷಾರು. ಆ ಬದಿಗೆ ದಪ್ಪ ರೆಕ್ಸಿನ್ ಬಿಗಿದು ಹೊಲಿದರೆ ಏರ್‌ಬ್ಯಾಗ್ ಹೊರಗೆ ಬರಲ್ಲ. ಆ ಜಾಗ ಬಿಟ್ಟು ಹೊಲಿದ ಕವರನ್ನೇ ಕೇಳಿ.

ಗಾಜಿನ ಕಪ್ಪು ಫಿಲ್ಮ್. ನಮ್ಮ ಬಿಸಿಲು ನೋಡಿದವರಿಗೆ ಇದು ಬೇಡ ಅನ್ನೋಕೆ ಮನಸ್ಸು ಬರಲ್ಲ, ನನಗೂ ಬರಲ್ಲ. ಆದರೂ ನಿಯಮ ಇದೆ: ಮುಂದಿನ ಮತ್ತು ಹಿಂದಿನ ಗಾಜು 70, ಪಕ್ಕದ ಗಾಜು 50 ಪರ್ಸೆಂಟ್ ಬೆಳಕಾದರೂ ಒಳಗೆ ಬಿಡಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮಿಗೆ ತಡೆ ಹಾಕಿತು. ಕಾನೂನಿನ ಮಾತು ಬಿಡಿ, ಸಂಜೆ ಹೊತ್ತಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಗದ್ದಲದಲ್ಲಿ ಕಪ್ಪು ಗಾಜಿನೊಳಗಿಂದ ರಿವರ್ಸ್ ತೆಗೆಯೋದು ಎಷ್ಟು ಕಷ್ಟ ಅಂತ ಹಾಕಿಸಿದವರಿಗೇ ಗೊತ್ತು. ಬದಲಿಗೆ, ನಿಲ್ಲಿಸಿದಾಗ ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಪರದೆ ಇಡಿ. ಬೇವಿನ ನೆರಳು ಸಿಕ್ಕರೆ ನಾಲ್ಕು ಹೆಜ್ಜೆ ಜಾಸ್ತಿ ನಡೆದರೂ ಅಲ್ಲೇ ನಿಲ್ಲಿಸಿ. ಹತ್ತುವಾಗ ನಾಲ್ಕೂ ಗಾಜು ಇಳಿಸಿ ಎರಡು ನಿಮಿಷ ಓಡಿಸಿ, ಬಿಸಿಗಾಳಿ ಹೋದ ಮೇಲೆ ಎಸಿ ಹಾಕಿ.

ಟೈರ್ ದಪ್ಪ ಮಾಡಿಸುವವರು ಡ್ರೈವರ್ ಬಾಗಿಲು ತೆರೆದಾಗ ಕಾಣುವ ಸ್ಟಿಕರ್ ಓದಿ, ಯಾವ ಸೈಜು ನಡೆಯುತ್ತೆ ಅಂತ ಅದರಲ್ಲೇ ಇರುತ್ತದೆ. ಒಂದು ಲೆಕ್ಕ ಕೊಡುತ್ತೇನೆ. 185/65 ಆರ್15 ತೆಗೆದು 205/65 ಆರ್15 ಹಾಕಿದರೆ ಚಕ್ರದ ಎತ್ತರ 4 ಪರ್ಸೆಂಟ್ ಜಾಸ್ತಿ ಆಗುತ್ತೆ. ಮೀಟರ್ 80 ತೋರಿಸುವಾಗ ಮೊದಲು ಎಷ್ಟು ಓಡುತ್ತಿತ್ತೋ ಅದಕ್ಕಿಂತ 3 ಕಿಲೋಮೀಟರ್ ಜಾಸ್ತಿ ವೇಗದಲ್ಲಿ ಗಾಡಿ ಓಡುತ್ತಿರುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಒಳಗೆ ಉಜ್ಜಲೂಬಹುದು. ಚಕ್ರ ಹೊರಗೆ ಚಾಚಲಿ ಅಂತ ಅದರ ಹಿಂದೆ ಸ್ಪೇಸರ್ ಅನ್ನೋ ಲೋಹದ ಬಿಲ್ಲೆ ಇಡಿಸುವುದಂತೂ ಬೇಡ, ಬೇರಿಂಗ್ ಹಾಳಾಗುತ್ತೆ.

ನಂಬರ್ ಪ್ಲೇಟಿನಲ್ಲಿ 8055 ಅನ್ನು ಬಾಸ್ ಅಂತ ಓದಿಸುವ ಅಕ್ಷರ ಬೇಡ. ಕಲಬುರಗಿಯ ಕೆಎ 32 ಆಗಲಿ ಬೀದರಿನ 38 ಆಗಲಿ, ಗುದ್ದಿ ಓಡಿದವನ ನಂಬರ್ ಬಿದ್ದವನು ಓದುವ ಹಾಗಿರಬೇಕು. ಕರ್ಕಶ ಸೈಲೆನ್ಸರ್, ಹಾಡು ಹೇಳುವ ಹಾರ್ನ್ ಎರಡೂ ಕಾನೂನಿಗೆ ವಿರುದ್ಧ.

ಇಷ್ಟೆಲ್ಲಾ ತೆಗೆದರೆ ಶೋಕಿಗೆ ಏನು ಉಳಿಯಿತು ಅಂತ ತಮ್ಮ ಕೇಳಿದ. ತುಂಬಾ ಉಳಿದಿದೆ. ಒಳ್ಳೆ ಮ್ಯೂಸಿಕ್ ಸಿಸ್ಟಮ್, ಮ್ಯಾಟು, ಕಂಪನಿ ಸೈಜಿನದೇ ಅಲಾಯ್ ಚಕ್ರ, ಒಳಗೆ ಕಾಲ ಹತ್ತಿರ ಸಣ್ಣ ಲೈಟು, ಆರ್‌ಸಿಯಲ್ಲಿ ಬರೆಸಿ ಹೊಸ ಬಣ್ಣ. ದುಬಾರಿ ಸಾಮಾನು ಹಾಕಿಸಿದರೆ ಬಿಲ್ ಇಟ್ಟುಕೊಂಡು ಇನ್ಶೂರೆನ್ಸಿನವರಿಗೆ ತಿಳಿಸಿ ಪಾಲಿಸಿಯಲ್ಲಿ ಸೇರಿಸಿ. ಹೇಳದೆ ಮಾಡಿಸಿದ ಬದಲಾವಣೆಯನ್ನೇ ಕಾರಣ ಮಾಡಿ ಕ್ಲೇಮ್ ನಿಲ್ಲಿಸಬಹುದು.

ಕೊನೆಗೆ ಒಂದು ಪರೀಕ್ಷೆ, ಇದಕ್ಕೆ ದುಡ್ಡು ಬೇಡ. ಕತ್ತಲಾದ ಮೇಲೆ ಖಾಲಿ ಮೈದಾನದಲ್ಲಿ ಗಾಡಿ ನಿಲ್ಲಿಸಿ, ಡಿಮ್ ಹಾಕಿ, ಕೀಲಿಯನ್ನು ಮನೆಯವರ ಕೈಗೆ ಕೊಡಿ. ನೀವು ಇಳಿದು ಐವತ್ತು ಹೆಜ್ಜೆ ಮುಂದೆ ಹೋಗಿ, ಬೈಕಿನ ಮೇಲೆ ಕೂತವನ ಎತ್ತರಕ್ಕೆ ಸ್ವಲ್ಪ ಬಗ್ಗಿ, ತಿರುಗಿ ನಿಮ್ಮ ಗಾಡಿಯನ್ನೇ ನೋಡಿ. ಗಾಡಿಯ ಪಕ್ಕ ಒಬ್ಬರನ್ನು ನಿಲ್ಲಿಸಿರಿ. ಅವರು ನಿಮಗೆ ಕಾಣದಿದ್ದರೆ ಮಾರನೇ ದಿನ ಬೆಳಿಗ್ಗೆಯೇ ಮೆಕ್ಯಾನಿಕ್ ಹತ್ತಿರ ಹೋಗಿ.