ಮಳೆಗಾಲದ ಲಾಯದಲ್ಲಿ ಕುದುರೆಯ ಬಾಯಿಗೆ ಕೆಲಸ

ಮಲೆನಾಡಿನಲ್ಲಿ ನಮಗೆ ಗೊತ್ತಿರುವ ಜಾನುವಾರು ವಿದ್ಯೆಯೆಲ್ಲ ದನ, ಎಮ್ಮೆಯದು. ಮಳೆ ಹಿಡಿದು ಕೊಟ್ಟಿಗೆಯಲ್ಲೇ ಉಳಿದ ದನಕ್ಕೆ ಬೇಸರ ಅಂತ ಯಾರೂ ಹೇಳಿದ್ದು ಕೇಳಿಲ್ಲ. ಹೊಟ್ಟೆ ತುಂಬಿದ ಮೇಲೆ ಮಲಗಿ ಮೆಲುಕು ಹಾಕುತ್ತದೆ, ಅರ್ಧ ದಿನ ಅದರಲ್ಲೇ ಕಳೆಯುತ್ತದೆ. ಕುದುರೆಗೆ ಮೆಲುಕಿಲ್ಲ. ಲಾಯದ ಕುದುರೆಯ ಕೆಟ್ಟ ಚಾಳಿಗಳೆಲ್ಲ ಬಹುತೇಕ ಇಲ್ಲಿಂದಲೇ ಶುರುವಾಗುತ್ತವೆ ಅನ್ನುವುದು ನನ್ನ ಅಭಿಪ್ರಾಯ.

ಬಯಲಿಗೆ ಬಿಟ್ಟ ಕುದುರೆ ದಿನಕ್ಕೆ ಸುಮಾರು 16 ಗಂಟೆ ಮೇಯುತ್ತದೆ. ನಿದ್ದೆ ಮೂರು ನಾಲ್ಕು ಗಂಟೆ ಅಷ್ಟೆ. ಅಂಥದ್ದನ್ನು ನಾಲ್ಕು ಗೋಡೆ ನಡುವೆ ಕಟ್ಟಿ, ಬೆಳಗ್ಗೆ ಸಂಜೆ ದಾಣಿ, ಅಂದರೆ ಕಾಳಿನ ಮೇವು, ಸುರಿದರೆ ಉಳಿದ ಹೊತ್ತು ಅದು ಏನು ಮಾಡಬೇಕು?

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಸವಾರಿ ಶಾಲೆ. ರಜೆ ದಿನ ಮಕ್ಕಳು ಬರುತ್ತಾರೆ. ಮಿಂಚು ಅನ್ನುವ ಗಂಡು ಕುದುರೆ ರೇಸಿನಿಂದ ನಿವೃತ್ತಿಯಾಗಿ ಬಂದದ್ದು. ಬರುವಾಗಲೇ ಗಂಟಲಿಗೆ ಬಿಗಿಯಾದ ಚರ್ಮದ ಪಟ್ಟಿ ಇತ್ತು, ಮೇಲಿನ ಬಾಚಿಹಲ್ಲು ಓರೆಯಾಗಿ ಸವೆದಿತ್ತು. ಪಟ್ಟಿ ಬಿಚ್ಚಿದ ಕೂಡಲೇ ಬಾಗಿಲ ಅಡ್ಡಗಳುವಿಗೆ ಹಲ್ಲು ಊರಿ, ಕತ್ತು ಬಿಲ್ಲಿನಂತೆ ಬಾಗಿಸಿ, ‘ಗಕ್’ ಅಂತ ಗಾಳಿ ಎಳೆಯಿತು. ರಾತ್ರಿಯಿಡೀ ಅದೇ ಸದ್ದು. ಪಕ್ಕದ ತೋಟದವರು ಬಂದು, “ಎಂತ ಮಾರಾಯ್ರೆ, ನಿಮ್ಮ ಕುದುರೆಗೆ ಗಾಳಿಗೀಳಿ ಸೋಕಿದೆಯಾ?” ಅಂತ ಕೇಳಿದರು. ಸೋಕಿದ್ದಲ್ಲ, ಅದೇ ನುಂಗ್ತಾ ಇರೋದು ಅಂದೆ. ಗೌರಿ ಅನ್ನುವ ಹೆಣ್ಣು ಕುದುರೆಯ ಚಾಳಿ ಬೇರೆ: ಬಾಗಿಲಲ್ಲಿ ನಿಂತು ಎಡಕ್ಕೆ ಬಲಕ್ಕೆ ತಲೆ ತೂಗುವುದು, ಬಕೆಟ್ ಸದ್ದಾದರೆ ಇನ್ನೂ ಜೋರು. ಮೂರನೆಯದು ಪೋನಿ, ಅಡಿಕೆ ದಬ್ಬೆಯ ಬೇಲಿ ಕಡಿದು ತಿನ್ನುತ್ತಿತ್ತು. ಅದಕ್ಕೆ ಹುಲ್ಲು ಹೆಚ್ಚಿಸಿದ್ದೇ ಸಾಕಾಯಿತು, ಅದರ ಕತೆ ಅಲ್ಲಿಗೆ ಮುಗಿಯಿತು.

ಮಿಂಚುವಿನದು ಬರೀ ಬೇಸರ ಅಲ್ಲ. ಕುದುರೆಯ ಜಠರದಲ್ಲಿ ತಿಂದರೂ ತಿನ್ನದಿದ್ದರೂ ಆಮ್ಲ ಸುರಿಯುತ್ತಲೇ ಇರುತ್ತದೆ. ಅದನ್ನು ತಣಿಸುವ ಜೊಲ್ಲು ಬರುವುದು ಅಗಿಯುವಾಗ ಮಾತ್ರ. ಒಂದು ಕಿಲೋ ಒಣಹುಲ್ಲು ಅಗಿಯಲು ಕುದುರೆಗೆ 40 ನಿಮಿಷದಷ್ಟು ಬೇಕು, ಅದೇ ತೂಕದ ಓಟ್ಸ್ ಹತ್ತು ನಿಮಿಷಕ್ಕೆ ಖಾಲಿ. ದಾಣಿ ಹೆಚ್ಚು, ಹುಲ್ಲು ಕಡಿಮೆ ಆದರೆ ಹೊಟ್ಟೆ ಉರಿಯುತ್ತದೆ, ಹುಣ್ಣಾಗುತ್ತದೆ. ರೇಸ್ ಕುದುರೆಗಳಲ್ಲಿ ಈ ಹುಣ್ಣು ತೀರಾ ಸಾಮಾನ್ಯ. ಹಾಗಾಗಿ ನಾನು ಮೊದಲು ಮಾಡಿದ್ದು ಪಶುವೈದ್ಯರನ್ನು ಕರೆಸಿದ್ದು. ಹಲ್ಲು ನೋಡಿದರು, ಹುಣ್ಣಿನ ಅನುಮಾನಕ್ಕೆ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಬರೆದುಕೊಟ್ಟರು. ಪಟ್ಟಿಯನ್ನು ಮತ್ತೆ ಹಾಕಲಿಲ್ಲ. ಪಟ್ಟಿ ಕಟ್ಟಿದರೆ ಗಾಳಿ ಎಳೆಯುವುದು ನಿಲ್ಲುತ್ತದೆ, ಎಳೆಯಬೇಕು ಅನ್ನಿಸುವುದು ನಿಲ್ಲುವುದಿಲ್ಲ. ಗಳುವಿಗೆ ಬೇವಿನೆಣ್ಣೆ, ಮೆಣಸಿನಪುಡಿ ಬಳಿಯಿರಿ ಅಂದವರೂ ಇದ್ದರು. ಅದಕ್ಕೂ ಇದೇ ಉತ್ತರ.

ಆಮೇಲೆ ಹುಲ್ಲಿನ ಕೆಲಸ. ಕುದುರೆಗೆ ತನ್ನ ತೂಕದ ನೂರಕ್ಕೆ ಒಂದೂವರೆ ಪಾಲಾದರೂ ಒಣ ಲೆಕ್ಕದಲ್ಲಿ ಮೇವು ಬೇಕು. 450 ಕಿಲೋ ತೂಗುವ ಮಿಂಚುವಿಗೆ ಅದು ಏಳು ಕಿಲೋ ಹತ್ತಿರ ಬರುತ್ತದೆ, ಮತ್ತು ಇದು ಕನಿಷ್ಠದ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಒಣಹುಲ್ಲನ್ನು ಒಣದಾಗಿ ಇಡುವುದೇ ದೊಡ್ಡ ಪಾಡು. ಬೂಸ್ಟು ಹಿಡಿದ ಹುಲ್ಲನ್ನು ದನ ಹೇಗೋ ತಿಂದು ಸುಧಾರಿಸಿಕೊಂಡೀತು, ಕುದುರೆಗೆ ಕೆಮ್ಮು, ಹೊಟ್ಟೆನೋವು ಎರಡೂ ಬರುತ್ತವೆ. ಹೊರಗೆ ಬಣವೆ ಹಾಕುವುದನ್ನು ಬಿಟ್ಟು, ಲಾಯದ ಪಕ್ಕ ಗಾಳಿಯಾಡುವ ಅಟ್ಟ ಮಾಡಿಸಿ ಬೇಸಿಗೆಯಲ್ಲೇ ತುಂಬಿಸಿದೆ. ಬೆಟ್ಟದ ಕರಡದ ಹುಲ್ಲು ಮುಖ್ಯ, ಜೊತೆಗೆ ಸ್ವಲ್ಪ ರಾಗಿ ಹುಲ್ಲು. ಬಯಲುಸೀಮೆಯಿಂದ ಕುದುರೆ ಮಸಾಲೆ ಸೊಪ್ಪು (ಲೂಸರ್ನ್) ಒಣಗಿಸಿದ್ದು ಸಿಕ್ಕರೆ ದಿನಕ್ಕೆ ಎರಡು ಹಿಡಿ. ಅದರ ಸುಣ್ಣದಂಶ (ಕ್ಯಾಲ್ಸಿಯಂ) ಹೊಟ್ಟೆಯ ಆಮ್ಲಕ್ಕೆ ಒಳ್ಳೆಯದು. ಎಲ್ಲರ ಮನೆಯಲ್ಲೂ ಬೆಳೆಯುವ ನೇಪಿಯರ್ ಹುಲ್ಲನ್ನು ನಂಬಿ ಕೂರಬೇಡಿ. ಅದರಲ್ಲಿರುವ ಆಕ್ಸಲೇಟ್ ಸುಣ್ಣವನ್ನು ಹಿಡಿದಿಟ್ಟು, ವರ್ಷಗಟ್ಟಲೆ ಅದನ್ನೇ ತಿಂದ ಕುದುರೆಯ ಮೂಳೆ ಟೊಳ್ಳಾಗುತ್ತದೆ.

ಹುಲ್ಲನ್ನು ಗೋದಲಿಗೆ ಸುರಿಯುವ ಬದಲು ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ ಎರಡು ಮೂರು ಕಡೆ ಕಟ್ಟುತ್ತೇವೆ. ಒಂದೊಂದೇ ಎಳೆ ಕಿತ್ತು ತಿನ್ನಬೇಕು. ಮಲಗುವ ಮುಂಚೆ ಇನ್ನೊಂದು ಬಲೆ, ಇದು ತಪ್ಪುವಂತಿಲ್ಲ. ಹುರುಳಿ, ಓಟ್ಸ್ ಎರಡನ್ನೂ ದಿನದಿನಕ್ಕೆ ಇಷ್ಟಿಷ್ಟೇ ಇಳಿಸಿದೆವು. ಮಕ್ಕಳನ್ನು ಹೊತ್ತು ನಡೆಯುವ ಕುದುರೆಗೆ ರೇಸಿನ ಕುದುರೆಯ ದಾಣಿ ಯಾತಕ್ಕೆ? ಸಕ್ರೆಬೈಲಿನ ಆನೆ ಬಿಡಾರದಲ್ಲಿ ಆನೆಗಳನ್ನು ರಾತ್ರಿ ಕಾಡಿಗೆ ಮೇಯಲು ಬಿಟ್ಟು ಬೆಳಗ್ಗೆ ಕರೆತರುತ್ತಾರೆ. ಮೇಯುವ ಪ್ರಾಣಿಗೆ ರಾತ್ರಿಯೂ ಮೇವು ಬೇಕು ಅನ್ನುವ, ಮಾವುತರಿಗೆ ಗೊತ್ತಿರುವ ಈ ಸಂಗತಿ ಕುದುರೆಯವರ ತಲೆಗೆ ಏಕೋ ಹೋಗುವುದೇ ಇಲ್ಲ.

ಗೌರಿಗೆ ಬೇಕಾದದ್ದು ಜೊತೆ. ಲಾಯಗಳ ನಡುವಿನ ಗೋಡೆಯನ್ನು ಎದೆಮಟ್ಟಕ್ಕೆ ಇಳಿಸಿ ಮೇಲೆ ಸರಳು ಹಾಕಿಸಿದೆ, ಮೂತಿ ತಾಗಿಸಿ ಮೂಸುವಷ್ಟು. ಹಿಂದಿನ ಗೋಡೆಗೆ ಕಿಟಕಿ ಒಡೆಸಿದೆ. ಅಲ್ಲಿಂದ ಮಲೆನಾಡು ಗಿಡ್ಡ ದನಗಳು ಓಡಾಡುವುದು ಕಾಣುತ್ತದೆ. ಕನ್ನಡಿ ಇಟ್ಟರೆ ತಲೆ ತೂಗುವುದು ಕಡಿಮೆಯಾಗುತ್ತದೆ ಎಂದು ಬ್ರಿಟನ್ನಿನ ಸಂಶೋಧಕರು 2002ರಲ್ಲಿ ಪ್ರಕಟಿಸಿದ್ದಾರೆ. ಒಂಟಿ ಕುದುರೆ ಇರುವವರು ಒಡೆಯದ ಅಕ್ರಿಲಿಕ್ ಕನ್ನಡಿ ಹಾಕಿ ನೋಡಬಹುದು, ಗಾಜಿನದು ಖಂಡಿತ ಬೇಡ. ಆಟಕ್ಕೆ ಚೆಂಡು, ತೂಗುಹಾಕಿದ ಗಜ್ಜರಿ ಎಲ್ಲ ನಾಲ್ಕು ದಿನದ ಸಂಭ್ರಮ.

ಮಳೆಯೆಂದು ಕುದುರೆ ಕರಗುವುದಿಲ್ಲ. ಜಂಬಿಟ್ಟಿಗೆ ಚೂರು ಹಾಕಿ, ಇಳಿಜಾರು ಕೊಟ್ಟು ಸಣ್ಣ ಅಂಗಳ ಮಾಡಿದ ಮೇಲೆ ಜಡಿಮಳೆಯಲ್ಲೂ ಎರಡು ಹೊತ್ತು ಹೊರಗೆ ಬಿಡುತ್ತೇವೆ. ಒಳಗೆ ಬಂದ ಕೂಡಲೇ ಗೊರಸಿನ ಸಂದು ಕೆರೆದು ಒರೆಸಬೇಕು, ಇಲ್ಲದಿದ್ದರೆ ಕೊಳೆತು ನಾರುತ್ತದೆ.

ಗೌರಿ ಈಗ ದಾಣಿ ಹೊತ್ತಿಗೆ ಮಾತ್ರ ತೂಗುತ್ತದೆ. ಮಿಂಚು ಪೂರ್ತಿ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಬೇರೂರಿದ ಈ ಚಾಳಿ ಇಡಿಯಾಗಿ ಹೋಗುವುದು ಅಪರೂಪ. ದಾಣಿ ತಿಂದಾದ ಮೇಲೆ ಸ್ವಲ್ಪ ಹೊತ್ತು ಎಳೆಯುತ್ತದೆ, ಅದಕ್ಕೆಂದೇ ಒಂದು ಗಳುವಿಗೆ ರಬ್ಬರ್ ಸುತ್ತಿ ಬಿಟ್ಟುಕೊಟ್ಟಿದ್ದೇನೆ, ಹಲ್ಲಾದರೂ ಉಳಿಯಲಿ. ಒಂದನ್ನು ನೋಡಿ ಇನ್ನೊಂದು ಕಲಿಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ನಮ್ಮ ಪೋನಿ ಪಕ್ಕದಲ್ಲೇ ಇದ್ದರೂ ಕಲಿತಿಲ್ಲ.

ಆದರೆ ಗಾಳಿ ಎಳೆಯುವ ಕುದುರೆಗೆ ಕರುಳು ಸಿಕ್ಕಿಕೊಳ್ಳುವ ಒಂದು ಬಗೆಯ ಹೊಟ್ಟೆನೋವಿನ ಅಪಾಯ ಉಳಿದವಕ್ಕಿಂತ ಹೆಚ್ಚು. ಮೇವು ಬಿಟ್ಟು, ಹೊಟ್ಟೆ ಕಡೆ ತಿರುಗಿ ತಿರುಗಿ ನೋಡುತ್ತ, ಕಾಲು ಕೆರೆದು ಮಲಗಿ ಎದ್ದು ಮಾಡಿದರೆ ಮನೆಮದ್ದು ಹುಡುಕುತ್ತ ಕೂರಬೇಡಿ, ಮೇವು ತೆಗೆದಿಟ್ಟು ವೈದ್ಯರಿಗೆ ಫೋನ್ ಮಾಡಿ. ನಮ್ಮ ಲಾಯದ ಗೋಡೆಯ ಮೇಲೆ ಆ ನಂಬರು ದೊಡ್ಡದಾಗಿ ಬರೆದಿದೆ.